ಆರು ಮೀಟರ್

ವುಲ್ಗುರು ಶಾಲೆಯ ಬಾಗಿಲಿನಿಂದ ಟೇಪು ಹಿಡಿದು ಅಳೆದು
ಏಳು ಗಂಟೆಗೇ ಸೀಮೆಸುಣ್ಣದ ಗೆರೆ ಎಳೆದವಳು ನಾನು.
ಗೆರೆಯ ಆಚೆ ಯಾರ ಪರ ಬೇಕಾದರೂ ಕೂಗಿ;
ಈಚೆ ಕಾಲಿಟ್ಟರೆ ಬಾಯಿಗೆ ಬೀಗ.
ಟೌನ್ಸ್‌ವಿಲ್ಲಿನ ಬಿಸಿಲಿಗೆ ಮಾತ್ರ ಆ ನಿಯಮವಿಲ್ಲ.

ಆಚೆ, ನೀಲಿ ಅಂಗಿಯಲ್ಲಿ ಲಾಕ್ಲನ್ ಪಾಮ್‌ಫ್ರೆಟ್.
ಕೆಂಪು ಅಂಗಿಯಲ್ಲಿ ಈಸ್ರೊ ನೋನಾ.
ಉರುಜ್‌ಗಾನಿನಲ್ಲಿ ಒಂದೇ ಗೋಡೆಗೆ ಬೆನ್ನು ಕೊಟ್ಟು ಮಲಗಿದವರಂತೆ,
ಸಾಲಿನಲ್ಲಿ ನಿಂತವರ ಮಾತು.
ಈಗ ಇಬ್ಬರೂ ಚೀಟಿ ಹಂಚುತ್ತಾರೆ,
ಒಬ್ಬನದನ್ನು ತೆಗೆದುಕೊಂಡವರಿಗೆ
ಇನ್ನೊಬ್ಬ ಇನ್ನೂ ಜೋರಾಗಿ ಗುಡ್ ಮಾರ್ನಿಂಗ್ ಹೇಳುತ್ತಾನೆ.
ನಡುವೆ ಒಂದೇ ನೀರಿನ ಬಾಟಲಿ. ಅದು ಮಾತ್ರ
ಕೈಯಿಂದ ಕೈಗೆ ಹೋಗುತ್ತದೆ, ಮುಖ ನೋಡದೆ,
ಕತ್ತಲಲ್ಲೂ ಗೊತ್ತಿರುವ ಅಂತರದಲ್ಲಿ.

ಬ್ರಿಸ್ಬೇನಿನಿಂದ ಬಂದ ವರದಿಗಾರ್ತಿಗೆ ಅವಸರ.
'ಬ್ಯಾರಕ್ಸಿನ ಊರು. ಸೈನಿಕರ ಓಟೆಲ್ಲ ಒಂದೇ ಕಡೆ, ಅಲ್ಲವೇ?'
ಲಾಕ್ಲನ್ ನಕ್ಕ: 'ಮೆಸ್ಸಿನಲ್ಲಿ ಒಂಬತ್ತು ಜನ
ಒಂದೇ ಸಾಸಿಗೆ ಒಪ್ಪಿದ್ದನ್ನು ನಾನು ಕಂಡಿಲ್ಲ.'
ಈಸ್ರೊ ನಗಲಿಲ್ಲ. 'ಬೂಟು ಒಂದೇ ಉಗ್ರಾಣದ್ದು,' ಅಂದ,
'ಕಾಲು ಅವರವರದು.'
ಅವಳು ಬರೆದುಕೊಂಡಳೋ ಇಲ್ಲವೋ.

ಒಳಗೆ ನನ್ನದು ಮೂರು ಪ್ರಶ್ನೆಗಳ ಕೆಲಸ.
ಹೆಸರು? ವಿಳಾಸ?
ಈ ಚುನಾವಣೆಯಲ್ಲಿ ಇದಕ್ಕೆ ಮೊದಲು ಓಟು ಹಾಕಿದ್ದೀರಾ?
ಸ್ಕೇಲು ಇಟ್ಟು ಹೆಸರಿನ ಮೇಲೊಂದು ಗೆರೆ.
ಹಸಿರು ಹಾಳೆ ಒಂದು, ಮೇಜುಬಟ್ಟೆಯಂಥ ಬಿಳಿ ಹಾಳೆ ಒಂದು.
ನನ್ನ ಎದೆಯ ಮೇಲಿನ ಹೆಸರು ಓದಲು ಹೊರಟವರು
ಎರಡನೇ ಅಕ್ಷರಕ್ಕೇ ಕೈಬಿಡುತ್ತಾರೆ; ಪರವಾಗಿಲ್ಲ,
ಇವತ್ತು ನಾನು ಬರೀ ಸ್ಕೇಲು.

ಟ್ಯಾಮ್ಸಿನ್ ಓಕ್‌ಶಾಟ್, ಕಾರ್ಪೊರಲ್, ಸಾದಾ ಬಟ್ಟೆ, ಕಂಕುಳಲ್ಲಿ ಕೂಸು:
'ನಮ್ಮ ಕ್ವಾರ್ಟರ್ಸಿನ ಗೋಡೆಗೆ ಕಪ್ಪು ಬೂಷ್ಟು ಹಿಡಿದು ಹದಿನಾಲ್ಕು ತಿಂಗಳು.
ಅದನ್ನು ಒರೆಸುವ ಪಕ್ಷ ಯಾವುದು?'
ಗೆರೆಯ ಈಚೆ ನಾನು ಉತ್ತರಿಸುವಂತಿಲ್ಲ.
ಕೂಸು ಪೆನ್ಸಿಲು ಚೀಪಿತು.

ಮಧ್ಯಾಹ್ನ ನೆವಿಲ್ ಟ್ರೆಗೆಯರ್, ಎಪ್ಪತ್ತಾರು, ಒಂದು ಕಿವಿ ಕೇಳಿಸದು.
ಮೂರನೇ ಪ್ರಶ್ನೆ ಎರಡು ಸಲ ಕೇಳಬೇಕಾಯಿತು.
'ಮೊದಲು ಅವರು ನನ್ನ ಚೀಟಿ ಎತ್ತಿದರು, ಮಗಳೇ.
ಪೀಪಾಯಿ ತಿರುಗಿಸಿ, ನಾನು ಹುಟ್ಟಿದ ತಾರೀಕಿನ ಗೋಲಿ.
ಓಟಿನ ವಯಸ್ಸಾಗಿರಲಿಲ್ಲ, ರೈಫಲ್ಲಿನ ವಯಸ್ಸಾಗಿತ್ತು.
ಅಂದಿನಿಂದ ನಾನು ಕೆಳಗಿನಿಂದ ಬರೆಯುತ್ತೇನೆ.
ಎಂಟು, ಕಳಿಸಿದವರಿಗೆ.
ಏಳು, ಮರಳಿ ಬಂದಾಗ ನನ್ನ ಕಂಡು ರಸ್ತೆ ದಾಟಿ ಹೋದವರಿಗೆ.
ಹೀಗೇ ಹತ್ತುತ್ತಾ ಹತ್ತುತ್ತಾ ಸಿಟ್ಟೆಲ್ಲ ಖರ್ಚಾಗಿ
ಒಂದು ಬರೆಯುವ ಹೊತ್ತಿಗೆ
ಯಾರು ಉಳಿದಿರುತ್ತಾರೋ ಅವರು ನನ್ನ ಪಕ್ಷ.'
ಉಪ್ಪುಂಡವರ ಋಣದ ಗಾದೆ ನನ್ನ ನಾಲಿಗೆಯ ತುದಿಗೆ ಬಂದು
ಅಲ್ಲೇ ಕರಗಿತು. ಯಾರ ಉಪ್ಪು? ಯಾರ ಮೇಲೆ ಋಣ?

ಆರಕ್ಕೆ ಬಾಗಿಲು ಹಾಕಿ ಪೆಟ್ಟಿಗೆ ಸುರಿದೆವು.
ಕೆಂಪು, ನೀಲಿ ಇಬ್ಬರೂ ಈಗ ಏಜೆಂಟರು:
ನೋಡಬಹುದು, ಮುಟ್ಟುವಂತಿಲ್ಲ.
ಗೀಚಿದ್ದು ಒಂದೋ ಏಳೋ ಎಂದು ಕಾಲು ಗಂಟೆ ಕಾದಾಡಿದರು.
ಆಮೇಲೆ ಆ ಹಾಳೆ. ಎಂಟು ಚೌಕ, ಎಂಟರಲ್ಲೂ
ಒತ್ತಿ ಒತ್ತಿ ಬರೆದ ಒಂದೇ ಬರಹ: ೩೨ ಬ್ರಾವೊ.

'ಇದೇನು?' ಅಂದೆ.
'ರೇಡಿಯೊ ಹೆಸರು,' ಲಾಕ್ಲನ್.
'ನಮ್ಮ ಸೆಕ್ಷನ್ನಿನದು,' ಈಸ್ರೊ.
ಒಬ್ಬರನ್ನೊಬ್ಬರು ನೋಡಿದರು, ಬೆಳಗಿನಿಂದ ಮೊದಲ ಸಲ,
ನೀನಾ? ಎಂಬ ಹಾಗೆ.
ಒಂಬತ್ತು ಜನರ ಸೆಕ್ಷನ್ನು. ಎಷ್ಟು ಜನ ಇದ್ದಾರೆಂದು ನಾನು ಕೇಳಲಿಲ್ಲ.
'ಅಸಿಂಧು,' ಅಂದೆ. ತಕರಾರು ಬರಲಿಲ್ಲ.

ಕಟ್ಟಿಗೆ ರಬ್ಬರ್ ಬ್ಯಾಂಡು ಹಾಕಿ ಕೂಡಿದಾಗ
ಮೊತ್ತ ಒಂದು ಕಡಿಮೆ ಬಂತು.
ಮೊದಲಿನಿಂದ ಶುರು ಮಾಡಿದೆವು. ಹೊರಗೆ ಕರ್ಲ್ಯೂ ಹಕ್ಕಿ ಕೂಗುತ್ತಿತ್ತು.
ಈ ಸಲ ಲಾಕ್ಲನ್ ಗಟ್ಟಿಯಾಗಿ ಎಣಿಸಿದ,
ತಪ್ಪಿದಲ್ಲಿ ಈಸ್ರೊ ತಿದ್ದಿದ.